ಇಂಗಾಲದ ಸೈಕಲ್ಲೂ ಗೃಹಸ್ಥನ ಹಣದ ಚೀಲವೂ

ಸೈಕಲ್ಲು ಕೊಳ್ಳುವುದು ಒಂದು ಕಾಲಕ್ಕೆ ಅರ್ಧ ಗಂಟೆಯ ಕೆಲಸವಾಗಿತ್ತು. ಅಂಗಡಿಯಲ್ಲಿದ್ದುದು ಮೂರು ನಾಲ್ಕು ಹೆಸರು. ಬಣ್ಣ ಕಪ್ಪು ಇಲ್ಲವೇ ಹಸಿರು. ಎತ್ತರ ಇಪ್ಪತ್ತೆರಡು ಅಂಗುಲ ಇಲ್ಲವೇ ಇಪ್ಪತ್ತನಾಲ್ಕು. ಬೆಲ್ಲು, ಡೈನಮೋ, ಕ್ಯಾರಿಯರ್, ಬೀಗಗಳ ಚೌಕಾಸಿ ನಡೆದು ಹ್ಯಾಂಡಲಿಗೆ ಅರಿಸಿನ ಕುಂಕುಮ ಏರಿತೆಂದರೆ ವ್ಯವಹಾರ ಮುಗಿಯಿತು. ಸುಮಾರು ಇಪ್ಪತ್ತು ಕಿಲೋ ತೂಗುತ್ತಿದ್ದ ಆ ಉಕ್ಕಿನ ವಾಹನವು ತಂದೆಯನ್ನು ಕಚೇರಿಗೂ ಮಗನನ್ನು ಕಾಲೇಜಿಗೂ ಹೊತ್ತು, ಆಯುಧಪೂಜೆಯ ದಿನ ಹೂವು ಮುಡಿದು, ಒಂದು ತಲೆಮಾರಿನವರೆಗೆ ಬಾಳುತ್ತಿತ್ತು.

ಈಗ ಸೈಕಲ್ಲು ಹೊರೆ ಹೊರುವ ಕೆಲಸದಿಂದ ನಿವೃತ್ತಿ ಪಡೆದು, ವ್ಯಾಯಾಮದ, ವಿಹಾರದ, ಪಂದ್ಯದ ವಸ್ತುವಾಗಿ ಮಧ್ಯಮವರ್ಗದ ಮನೆಗಳಿಗೆ ಮರಳಿ ಬಂದಿದೆ. ಭಾನುವಾರದ ನಸುಕಿನಲ್ಲಿ ಬೆಂಗಳೂರಿನಿಂದ ನಂದಿಬೆಟ್ಟದ ಕಡೆಗೆ, ಮೈಸೂರಿನಲ್ಲಿ ಚಾಮುಂಡಿಬೆಟ್ಟದ ಕಡೆಗೆ ಸಾಗುವ ಸವಾರರ ಸಾಲನ್ನು ನೋಡದವರು ಕಡಮೆ. ಬಾಗಿದ ಹ್ಯಾಂಡಲು, ಸಪೂರ ಟೈರು, ಹಗುರವಾದ ಮೈ: ಇವು ರೋಡ್ ಬೈಕ್ ಎಂಬ ಜಾತಿಯ ಲಕ್ಷಣಗಳು. ರಾಷ್ಟ್ರಮಟ್ಟದ ಸವಾರರನ್ನು ನಾಡಿಗೆ ಕೊಟ್ಟ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಂತೂ ಇದು ವಿಹಾರವೂ ಅಲ್ಲ. ಹುಡುಗ ಹುಡುಗಿಯರ ಭವಿಷ್ಯದ ಪ್ರಶ್ನೆ.

ಇಂಥ ಸಾಲಿನಲ್ಲಿ ಆರು ತಿಂಗಳು ಕಳೆದವರ ಮನೆಯೊಳಗೆ ಒಂದು ದಿನ 'ಕಾರ್ಬನ್' ಎಂಬ ಶಬ್ದ ಪ್ರವೇಶಿಸುತ್ತದೆ.

"ಅಪ್ಪಾ, ಕೊಂಡರೆ ಕಾರ್ಬನ್ ಸೈಕಲ್ಲನ್ನೇ ಕೊಳ್ಳಬೇಕಂತೆ. ಜೊತೆಯವರೆಲ್ಲರದೂ ಅದೇ" ಎನ್ನುತ್ತಾಳೆ ಮಗಳು.

"ಕಾರ್ಬನ್ ಎಂದರೆ ಇದ್ದಿಲಲ್ಲವೇನಮ್ಮ? ಇದ್ದಿಲಿಗೆ ಒಂದೂವರೆ ಲಕ್ಷವೇ?" ಎನ್ನುತ್ತಾರೆ ತಂದೆ.

ಒಳಗಿನಿಂದ ತಾಯಿ ಮೂರು ಪ್ರಶ್ನೆಗಳನ್ನು ಹಾಕುತ್ತಾರೆ: "ಅದರಿಂದ ನಿಜವಾಗಿ ಆಗುವ ಲಾಭವೇನು? ಬಿದ್ದರೆ ಗತಿಯೇನು? ಕೊಂಡ ಮೇಲೆ ಇನ್ನೆಷ್ಟು ಸುರಿಯಬೇಕು?"

ಒಂದೂವರೆ ಲಕ್ಷ ರೂಪಾಯಿ ಎಂದರೆ ಅನೇಕ ಮನೆಗಳಲ್ಲಿ ಎರಡು ಮೂರು ವರ್ಷದ ಉಳಿತಾಯ. ಆದ್ದರಿಂದ ತಾಯಿಯ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯುವವರೆಗೆ ಚೀಲದ ಬಾಯಿ ಬಿಚ್ಚದಿರುವುದೇ ಲೇಸು. ಮಗಳ ಆಸೆಯೇನೂ ತಪ್ಪಲ್ಲ. ತಂದೆಯ ಶಂಕೆಯೂ ತಪ್ಪಲ್ಲ. ಇಬ್ಬರಿಗೂ ಬೇಕಾದುದು ಸರಿಯಾದ ಮಾಹಿತಿ.

ಇದ್ದಿಲು ಸೈಕಲ್ಲಾದ ಬಗೆ

ಇಂಗಾಲದ ಎಳೆ ಹೊಸದೇನಲ್ಲ. ಎಡಿಸನ್ನನು 1880ರ ಸುಮಾರಿನಲ್ಲಿ ಬಿದಿರಿನ ಎಳೆಯನ್ನು ಸುಟ್ಟು ಇಂಗಾಲವಾಗಿಸಿ ತನ್ನ ವಿದ್ಯುದ್ದೀಪದೊಳಗೆ ಬೆಳಗಿಸಿದ್ದನು. ಆದರೆ ಬಲಿಷ್ಠವಾದ ಎಳೆ ಮೊದಲು ಕೈಗೆ ಬಂದದ್ದು 1958ರಲ್ಲಿ, ಅಮೆರಿಕದ ಯೂನಿಯನ್ ಕಾರ್ಬೈಡ್ ಪ್ರಯೋಗಶಾಲೆಯಲ್ಲಿ, ರೋಜರ್ ಬೇಕನ್ ಎಂಬ ವಿಜ್ಞಾನಿಗೆ. ಮುಂದಿನ ದಶಕದಲ್ಲಿ ಜಪಾನಿನಲ್ಲಿಯೂ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿಯೂ ಅದನ್ನು ಹೆಚ್ಚು ಪ್ರಮಾಣದಲ್ಲಿ ತಯಾರಿಸುವ ಮಾರ್ಗಗಳು ತಿಳಿದುಬಂದವು. ವಿಮಾನಕ್ಕೆಂದು ಹುಟ್ಟಿದ ವಸ್ತು ಕಾಲಕ್ರಮದಲ್ಲಿ ಸೈಕಲ್ಲಿಗೂ ಇಳಿಯಿತು. 1986ರಲ್ಲಿ ಅಮೆರಿಕದ ಗ್ರೆಗ್ ಲೆಮಾಂಡ್ ಕಾರ್ಬನ್ ಸೈಕಲ್ಲಿನ ಮೇಲೆ ಟೂರ್ ಡಿ ಫ್ರಾನ್ಸ್ ಪಂದ್ಯವನ್ನು ಗೆದ್ದನು. 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದ ಲೋಟಸ್ ಕಾರ್ಬನ್ ಸೈಕಲ್ಲಿನಿಂದ ಚಿನ್ನ ತಂದನು. ಆದರೂ ಹಳೆಯ ಲೋಹ ಕೂಡಲೇ ಸೋಲಲಿಲ್ಲ. 1998ರ ಟೂರ್ ಪಂದ್ಯವನ್ನು ಇಟಲಿಯ ಮಾರ್ಕೊ ಪಂತಾನಿ ಗೆದ್ದದ್ದು ಅಲ್ಯುಮಿನಿಯಮ್ ಸೈಕಲ್ಲಿನ ಮೇಲೆ. ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು. ಪಂತಾನಿಗೆ ಸಾಲುವಷ್ಟಿದ್ದ ಲೋಹವು ನಂದಿಬೆಟ್ಟಕ್ಕೆ ಸಾಲದೆಂದು ಹೇಳುವುದು ಕಷ್ಟ.

ಕಾರ್ಬನ್ ಫ್ರೇಮು ಎಂದರೆ ಬರಿಯ ಇಂಗಾಲವಲ್ಲ. ತಲೆಗೂದಲಿನ ಹತ್ತನೆಯ ಒಂದು ಪಾಲು ಸಪೂರವಾದ ಸಾವಿರಾರು ಎಳೆಗಳನ್ನು ಒಟ್ಟುಗೂಡಿಸಿ, ಎಪಾಕ್ಸಿ ಎಂಬ ಅಂಟಿನಲ್ಲಿ ನೆನೆಸಿ, ಹಾಳೆಯಾಗಿ ಮಾಡುತ್ತಾರೆ. ಹಾಳೆಯನ್ನು ತುಂಡು ತುಂಡಾಗಿ ಕತ್ತರಿಸಿ, ಪದರದ ಮೇಲೆ ಪದರವಾಗಿ ಕೈಯಿಂದಲೇ ಅಚ್ಚಿನಲ್ಲಿ ಜೋಡಿಸಿ, ಒತ್ತಡ ಕೊಟ್ಟು, ಬಿಸಿಮಾಡಿ ಗಟ್ಟಿಗೊಳಿಸುತ್ತಾರೆ. ಎಳೆ ತನ್ನ ಉದ್ದಕ್ಕೆ ಎಳೆದರೆ ಉಕ್ಕನ್ನೂ ಮೀರಿಸುವ ಬಲವುಳ್ಳದ್ದು. ಅಡ್ಡಕ್ಕೆ ಬಿದ್ದ ಪೆಟ್ಟಿಗೆ ದುರ್ಬಲ. ಆದಕಾರಣ ಯಾವ ಪದರ ಯಾವ ದಿಕ್ಕಿಗೆ ಎಂಬುದರಲ್ಲಿಯೇ ತಯಾರಕನ ಜಾಣ್ಮೆಯೆಲ್ಲ ಅಡಗಿದೆ. ಒಂದೇ ನೂಲಿನಿಂದ ಒಬ್ಬ ನೇಕಾರ ಬಾಳುವ ಸೀರೆಯನ್ನೂ ಇನ್ನೊಬ್ಬ ಹರಿಯುವ ಸೀರೆಯನ್ನೂ ನೇಯುವಂತೆಯೇ ಇದೂ.

ಅಂಗಡಿಯಲ್ಲಿ ಕೇಳಿಬರುವ 'ಟಿ-700', 'ಟಿ-800' ಎಂಬ ಮಂತ್ರಗಳು ಜಪಾನಿನ ತೊರೇ ಕಂಪೆನಿಯು ತನ್ನ ಎಳೆಗಳಿಗೆ ಇಟ್ಟ ಹೆಸರುಗಳು. ಅವು ನೂಲಿನ ಗುಣವನ್ನು ಹೇಳುತ್ತವೆಯೇ ಹೊರತು ನೇಯ್ಗೆಯ ಗುಣವನ್ನಲ್ಲ. ಮೇಲ್ಮೈಯಲ್ಲಿ ಕಾಣುವ ಚೌಕುಳಿ ವಿನ್ಯಾಸವೂ ಬಹುಮಟ್ಟಿಗೆ ಅಲಂಕಾರ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬಂತೆ, ಕಪ್ಪಗೆ ಹೊಳೆಯುವುದೆಲ್ಲ ಒಳ್ಳೆಯ ಕಾರ್ಬನ್ನಲ್ಲ.

ಒಂದು ಕಿಲೋವಿನ ಬೆಲೆ

ತಾಯಿಯ ಮೊದಲನೆಯ ಪ್ರಶ್ನೆ ಲಾಭದ್ದು. ಕಾರ್ಬನ್ನಿನ ಪ್ರಖ್ಯಾತಿಯೆಲ್ಲ ಅದರ ಹಗುರದಿಂದ ಬಂದುದು. ಈ ಹಗುರದ ಹುಚ್ಚು ಅತಿಯಾದಾಗ ಅಂತಾರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆಯು 2000ದಲ್ಲಿ, ಪಂದ್ಯದ ಸೈಕಲ್ಲು 6.8 ಕಿಲೋವಿಗಿಂತ ಕಡಮೆ ತೂಗಕೂಡದೆಂದು ಕಟ್ಟುಪಾಡು ಮಾಡಬೇಕಾಯಿತು. ಆದರೆ ಮಿತವಾದ ಬೆಲೆಯ ಕಾರ್ಬನ್ ಸೈಕಲ್ಲು ಇಷ್ಟು ಹಗುರವಿರುವುದಿಲ್ಲ. ಅದು ಎಂಟೂವರೆ ಒಂಬತ್ತು ಕಿಲೋ ತೂಗಿದರೆ, ಒಳ್ಳೆಯ ಅಲ್ಯುಮಿನಿಯಮ್ ಸೈಕಲ್ಲು ಒಂಬತ್ತೂವರೆ ಹತ್ತು ಕಿಲೋ ತೂಗೀತು. ವ್ಯತ್ಯಾಸ ಒಂದು ಕಿಲೋ. ಅದರಲ್ಲಿಯೂ ಫ್ರೇಮಿನ ಪಾಲು ಕೆಲವು ನೂರು ಗ್ರಾಮುಗಳು ಮಾತ್ರ.

ಈ ಒಂದು ಕಿಲೋವನ್ನು ಬೆಟ್ಟಕ್ಕೆ ಹತ್ತಿಸಿ ನೋಡಬಹುದು. ಸವಾರಳ ತೂಕ 65 ಕಿಲೋ, ಸೈಕಲ್ಲು 9, ಬಟ್ಟೆಬರೆ ನೀರು 2. ಒಟ್ಟು 76 ಕಿಲೋ. ಒಂದು ಕಿಲೋ ಎಂದರೆ ನೂರಕ್ಕೆ ಒಂದು ಕಾಲಿಗಿಂತ ತುಸು ಹೆಚ್ಚು. ಏರಿನಲ್ಲಿ ಕಾಲಿನ ಶಕ್ತಿಯೆಲ್ಲ ತೂಕ ಎತ್ತುವುದಕ್ಕೇ ಹೋಯಿತೆಂದು ಹಿಡಿದರೂ, ನಲವತ್ತು ನಿಮಿಷದ ಏರಿನಲ್ಲಿ ಆಗುವ ಉಳಿತಾಯ ಸುಮಾರು ಅರ್ಧ ನಿಮಿಷ. ಸಮನೆಲದಲ್ಲಿ ಅಷ್ಟೂ ಇಲ್ಲ. ಅಲ್ಲಿ ಸವಾರರನ್ನು ತಡೆಯುವುದು ತೂಕವಲ್ಲ, ಗಾಳಿ. ಮುಕ್ಕಾಲು ಲೀಟರಿನ ಬಾಟಲಿಯ ನೀರನ್ನು ಬೆಟ್ಟದ ಬುಡದಲ್ಲಿ ಕುಡಿಯದೆ ತುದಿಯವರೆಗೆ ಹೊತ್ತವರು ಆ ಕಿಲೋವಿನ ಮುಕ್ಕಾಲು ಪಾಲನ್ನು ಹೊತ್ತೇ ಹೊತ್ತರು.

ಪಂದ್ಯದಲ್ಲಿ ಅರ್ಧ ನಿಮಿಷಕ್ಕೆ ಬೆಲೆಯುಂಟು. ಗೆಲುವು ಸೋಲುಗಳ ಅಂತರ ಅದಕ್ಕಿಂತಲೂ ಸಣ್ಣದಿರುವುದುಂಟು. ಭಾನುವಾರದ ಸವಾರಿಯಲ್ಲಿ, ಬೆಟ್ಟದ ಮೇಲಿನ ಬಿಸಿ ಕಾಫಿ ಅರ್ಧ ನಿಮಿಷ ತಡವಾದೀತು, ಅಷ್ಟೇ.

ಎರಡನೆಯ ಲಾಭವೆಂದು ಹೇಳುವುದು ಮೈಗೆ ಸಿಗುವ ಹಿತ. ಕಾರ್ಬನ್ನು ರಸ್ತೆಯ ಅದುರನ್ನು ಹೀರಿಕೊಳ್ಳುತ್ತದೆನ್ನುವ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಅದಕ್ಕಿಂತ ಹೆಚ್ಚಿನ ಹಿತವನ್ನು, ಅದಕ್ಕಿಂತ ಬಹಳ ಕಡಮೆ ಬೆಲೆಗೆ, ಅಗಲವಾದ ಟೈರು ಕೊಡುತ್ತದೆ. ಹಿಂದೆ 23 ಮಿಲಿಮೀಟರ್ ಅಗಲದ ಟೈರಿಗೆ ನೂರು ಪೌಂಡಿಗೂ ಮೀರಿ ಗಾಳಿ ತುಂಬಿ, ಕಲ್ಲಿನಂತೆ ಮಾಡಿಕೊಂಡು ಓಡಿಸುತ್ತಿದ್ದರು. ಈಗ 28ರಿಂದ 32 ಮಿಲಿಮೀಟರಿನ ಟೈರಿಗೆ ಅದಕ್ಕಿಂತ ಕಡಮೆ ಗಾಳಿ ತುಂಬಿದರೆ ವೇಗಕ್ಕೆ ನಷ್ಟವಿಲ್ಲವೆಂಬುದು ಎಲ್ಲರಿಗೂ ಮನವರಿಕೆಯಾಗಿದೆ. ಗುಂಡಿಗಳಿಗೂ ಉಬ್ಬುಗಳಿಗೂ ಕೊರತೆಯಿಲ್ಲದ ರಸ್ತೆಗಳಲ್ಲಿ, ಫ್ರೇಮು ಯಾವುದೆಂದು ಕೇಳುವ ಮೊದಲು ಅದರಲ್ಲಿ 30 ಮಿಲಿಮೀಟರಿನ ಟೈರು ಹಿಡಿಯುತ್ತದೆಯೇ ಎಂದು ಕೇಳುವುದು ಜಾಣತನ.

ಒಂದೇ ಬೆಲೆ, ಎರಡು ಸೈಕಲ್ಲು

ಹಣ ಮಿತವಾಗಿದ್ದಾಗ ನಿಜವಾದ ಪರೀಕ್ಷೆ ಎದುರಾಗುವುದು ಹೀಗೆ. ಅಂಗಡಿಯಲ್ಲಿ ಒಂದೇ ಬೆಲೆಯ ಎರಡು ಸೈಕಲ್ಲುಗಳು ಅಕ್ಕಪಕ್ಕದಲ್ಲಿ ನಿಂತಿರುತ್ತವೆ. ಮೊದಲನೆಯದು ಕಾರ್ಬನ್ ಫ್ರೇಮಿನದು. ಆದರೆ ಬೆಲೆಯನ್ನು ಸರಿದೂಗಿಸಲು ಅದಕ್ಕೆ ಕೆಳದರ್ಜೆಯ ಗೇರು, ಭಾರವಾದ ಗಾಲಿ, ತಂತಿಯಿಂದ ಎಳೆಯುವ ಸಾಮಾನ್ಯ ಬ್ರೇಕು ಜೋಡಿಸಿರುತ್ತಾರೆ. ಎರಡನೆಯದು ಅಲ್ಯುಮಿನಿಯಮ್ ಫ್ರೇಮಿನದು; ಅದರ ಮುಂದಿನ ಫೋರ್ಕು ಮಾತ್ರ ಕಾರ್ಬನ್ನಿನದು; ಗೇರು ಮೇಲಿನ ದರ್ಜೆಯದು; ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಡಿಸ್ಕ್ ಬ್ರೇಕು; ಗಾಲಿಯೂ ಟೈರೂ ಒಳ್ಳೆಯವು.

ಮೊದಲ ನೋಟಕ್ಕೆ ಮನಸ್ಸು ಮೊದಲನೆಯದರ ಕಡೆಗೇ ಹರಿಯುತ್ತದೆ. ಸವಾರಿಯ ಅನುಭವವಾದರೋ ಎರಡನೆಯದರ ಪರವಾಗಿ ಸಾಕ್ಷಿ ಹೇಳುತ್ತದೆ. ಫ್ರೇಮು ಸವಾರರ ಕೈಕಾಲಿಗೆ ನೇರವಾಗಿ ತಾಕುವುದಿಲ್ಲ. ನಿಮಿಷ ನಿಮಿಷಕ್ಕೂ ತಾಕುವುದು ಬ್ರೇಕಿನ ಹಿಡಿ, ಗೇರಿನ ಗುಂಡಿ, ಸೀಟು, ಪೆಡಲು, ಟೈರು. ಮಳೆಯಲ್ಲಿ ಇಳಿಜಾರಿನ ತಿರುವಿಗೆ ಬಂದಾಗ ಜೀವ ಕಾಯುವುದು ಬ್ರೇಕೇ ಹೊರತು ಫ್ರೇಮಿನ ಹಗುರವಲ್ಲ.

ಗೇರಿನ ದರ್ಜೆಗಳನ್ನು ತಿಳಿಯುವುದು ಕಷ್ಟವಲ್ಲ. 1921ರಲ್ಲಿ ಜಪಾನಿನಲ್ಲಿ ಆರಂಭವಾದ ಶಿಮಾನೊ ಕಂಪೆನಿಯ ಮೆಟ್ಟಿಲುಗಳು ಕೆಳಗಿನಿಂದ ಕ್ಲಾರಿಸ್, ಸೋರಾ, ಟಿಯಾಗ್ರಾ, 105, ಅಲ್ಟೆಗ್ರಾ, ಡ್ಯೂರಾ-ಏಸ್ ಎಂದು ಏರುತ್ತವೆ; 2025ರಿಂದ ಕೆಳಗಿನ ಮೂರರ ಸ್ಥಾನಕ್ಕೆ ಕ್ಯೂಸ್ ಎಂಬುದು ಬರತೊಡಗಿದೆ. ಹೊಸಬರಿಗೆ 105 ಬಹುಕಾಲ ಸಾಕಾಗುವ ದರ್ಜೆ. ಟಿಯಾಗ್ರಾ ಕೂಡ ನಾಚಿಕೆಪಡಬೇಕಾದುದಲ್ಲ. ಹೆಸರಿಗಿಂತ ಮುಖ್ಯವಾದದ್ದು ಹಲ್ಲಿನ ಲೆಕ್ಕ. ಮುಂದಿನ ಸಣ್ಣ ಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡ ಚಕ್ರಕ್ಕೂ 34 ಹಲ್ಲು ಇದ್ದರೆ, ಪೆಡಲು ಒಂದು ಸುತ್ತು ತಿರುಗಿದಾಗ ಗಾಲಿಯೂ ಒಂದೇ ಸುತ್ತು ತಿರುಗುತ್ತದೆ. ಕಡಿದಾದ ಏರಿನಲ್ಲಿ ಮಂಡಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಒಂದು ಕಿಲೋ ತೂಕ ಇಳಿಸಲು ಸಾವಿರಾರು ರೂಪಾಯಿ ಚೆಲ್ಲುವವರು ಈ ಹಲ್ಲುಗಳನ್ನು ಎಣಿಸುವುದನ್ನು ಮರೆಯುತ್ತಾರೆ.

"ಫ್ರೇಮನ್ನು ಈಗ ಕೊಂಡರಾಯಿತು, ಉಳಿದುದನ್ನು ಒಂದೊಂದಾಗಿ ಬದಲಾಯಿಸಿಕೊಳ್ಳಬಹುದು" ಎಂಬ ವಾದವೂ ಉಂಟು. ಕೇಳುವುದಕ್ಕೆ ಅದು ಸರಿಯೆನಿಸುತ್ತದೆ. ಆದರೆ ಬಿಡಿಭಾಗಗಳನ್ನು ಬಿಡಿಯಾಗಿ ಕೊಂಡರೆ, ಸೈಕಲ್ಲಿನ ಜೊತೆಗೇ ಬಂದಾಗ ಬೀಳುತ್ತಿದ್ದುದಕ್ಕಿಂತ ಬಹಳ ಹೆಚ್ಚು ಹಣ ಬೀಳುತ್ತದೆ. ತೆಗೆದಿಟ್ಟ ಹಳೆಯ ಭಾಗಗಳಿಗೋ ಅಟ್ಟವೇ ಗತಿ.

ಮೈಗೆ ಒಗ್ಗದ ಅಂಗಿ

ಕಾರ್ಬನ್ನೋ ಅಲ್ಯುಮಿನಿಯಮ್ಮೋ ಎಂಬ ಚರ್ಚೆಗೆ ಮೊದಲೇ ಮುಗಿಯಬೇಕಾದ ಚರ್ಚೆ ಒಂದಿದೆ, ಅದು ಅಳತೆಯದು. ಅಳತೆ ತಪ್ಪಿದ ಸೈಕಲ್ಲು ಎಷ್ಟೇ ಬೆಲೆಯದಾದರೂ ಬೆನ್ನಿಗೆ, ಕತ್ತಿಗೆ, ಅಂಗೈಗೆ ನೋವು ಕೊಟ್ಟು, ಮೂರು ತಿಂಗಳಿನಲ್ಲಿ ಬಾಲ್ಕನಿಯ ಬಟ್ಟೆ ಒಣಗಿಸುವ ಸ್ಟ್ಯಾಂಡಾಗಿ ಪರಿಣಮಿಸುತ್ತದೆ. ಇದಕ್ಕೆ ಮಿಗಿಲಾದ ಹಣದ ಅಪವ್ಯಯ ಬೇರೊಂದಿಲ್ಲ.

52, 54 ಎಂದು ಬರೆದಿರುವ ಅಳತೆಯನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಒಂದು ಕಂಪೆನಿಯ 54 ಇನ್ನೊಂದರ 54 ಅಲ್ಲ. ತಯಾರಕರು ತಮ್ಮ ಪಟ್ಟಿಯಲ್ಲಿ ಸ್ಟ್ಯಾಕ್, ರೀಚ್ ಎಂಬ ಎರಡು ಅಂಕಿಗಳನ್ನು ಕೊಟ್ಟಿರುತ್ತಾರೆ. ಪೆಡಲಿನ ದಂಡ ತಿರುಗುವ ಕೇಂದ್ರದಿಂದ ಹ್ಯಾಂಡಲಿನ ಕೆಳಗಿನ ಕೊಳವೆಯ ತುದಿ ಎಷ್ಟು ಎತ್ತರದಲ್ಲಿದೆ ಎಂಬುದು ಸ್ಟ್ಯಾಕ್. ಎಷ್ಟು ಮುಂದಿದೆ ಎಂಬುದು ರೀಚ್. ಎತ್ತರ ಹೆಚ್ಚಾಗಿ ಮುಂಚಾಚು ಕಡಮೆಯಿದ್ದರೆ ಸವಾರರು ನೆಟ್ಟಗೆ ಕೂರುತ್ತಾರೆ. ಇದು ದೂರ ಸವಾರಿಯ ಮಾದರಿ. ತಿರುಗುಮುರುಗಾದರೆ ಬಾಗಿ ಮಲಗಿದಂತೆ ಕೂರಬೇಕಾಗುತ್ತದೆ. ಇದು ಪಂದ್ಯದ ಮಾದರಿ. ದಿನವಿಡೀ ಕಂಪ್ಯೂಟರಿನ ಮುಂದೆ ಕುಳಿತು ಬೆನ್ನು ಬಿಗಿದವರು, ಅಥವಾ 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ ಮುಗಿಸಬೇಕಾದ ಬ್ರೆವೆ ಸವಾರಿಗಳ ಕನಸು ಕಾಣುವವರು, ಮೊದಲನೆಯ ಮಾದರಿಯನ್ನೇ ಆರಿಸುವುದು ಕ್ಷೇಮ.

ಹೆಣ್ಣುಮಕ್ಕಳಿಗೆ ಕೊಳ್ಳುವಾಗ ಹ್ಯಾಂಡಲಿನ ಅಗಲ ಭುಜಕ್ಕೆ ತಕ್ಕಷ್ಟಿದೆಯೇ, ಬ್ರೇಕಿನ ಹಿಡಿ ಬೆರಳಿಗೆ ಸುಲಭವಾಗಿ ಎಟಕುತ್ತದೆಯೇ, ಸೀಟು ಒಪ್ಪುತ್ತದೆಯೇ ಎಂದು ನೋಡುವುದು ಅವಶ್ಯ. ಅಂಗಡಿಯ ಮುಂದೆ ಎರಡು ಸುತ್ತು ಹೊಡೆದರೆ ಇದು ತಿಳಿಯದು. ಸಾಧ್ಯವಾದಷ್ಟು ದೂರ ಓಡಿಸಿ ನೋಡಲು ಬಿಡುವ ಅಂಗಡಿಯನ್ನು ಹುಡುಕಬೇಕು. ಅಳತೆಗೆ ತಕ್ಕಂತೆ ಸಣ್ಣಪುಟ್ಟ ಭಾಗಗಳನ್ನು ಬದಲಿಸಿಕೊಡುವ ಅಂಗಡಿಯವನು ರಿಯಾಯಿತಿ ಕೊಡುವವನಿಗಿಂತ ಮೇಲು.

ಬಿದ್ದರೆ ಗತಿಯೇನು?

ಇದು ತಾಯಿಯ ಎರಡನೆಯ ಪ್ರಶ್ನೆ, ಮೂರರಲ್ಲಿ ಅತ್ಯಂತ ಗಂಭೀರವಾದುದು. ಉಕ್ಕು ಪೆಟ್ಟು ತಿಂದರೆ ಬಾಗುತ್ತದೆ; ಅಲ್ಯುಮಿನಿಯಮ್ ನೆಗ್ಗುತ್ತದೆ. ಎರಡೂ ತಮಗಾದ ನೋವನ್ನು ಮೈಮೇಲೆ ಬರೆದುಕೊಂಡು ತೋರಿಸುತ್ತವೆ. ಕಾರ್ಬನ್ನಿನ ಸ್ವಭಾವ ಬೇರೆ. ಹೊರಗೆ ಬಣ್ಣವೂ ಕೆಡದೆ ಒಳಗೆ ಪದರಗಳು ಒಂದರಿಂದೊಂದು ಬಿಟ್ಟಿರಬಹುದು. ಇಂಥ ಗಾಯವನ್ನು ಹೊತ್ತ ಫೋರ್ಕು ಮುಂದೊಂದು ದಿನ ಮುನ್ಸೂಚನೆಯಿಲ್ಲದೆ ಮುರಿದರೆ ಸವಾರರು ಮುಖವಡಿಯಾಗಿ ಬೀಳುತ್ತಾರೆ. ಭಯಪಡಿಸಲು ಹೇಳುವ ಮಾತಲ್ಲ ಇದು. ಒಳ್ಳೆಯ ತಯಾರಕರ ಫ್ರೇಮೂ ಫೋರ್ಕೂ ಐಎಸ್‌ಒ 4210 ಎಂಬ ಅಂತಾರಾಷ್ಟ್ರೀಯ ಮಾನದ ಪರೀಕ್ಷೆಗಳನ್ನು ದಾಟಿ ಬಂದಿರುತ್ತವೆ. ಸರಿಯಾಗಿ ನೋಡಿಕೊಂಡರೆ ಅನೇಕ ವರ್ಷ ಬಾಳುತ್ತವೆ. ಆದರೆ ನೋಡಿಕೊಳ್ಳುವ ಶಿಸ್ತು ಉಕ್ಕಿನ ಸೈಕಲ್ಲಿಗಿಂತ ಹೆಚ್ಚು ಬೇಕು.

ಶಿಸ್ತಿನ ಮೊದಲ ಪಾಠ ತಿರುಪಿನದು. ಕಾರ್ಬನ್ನಿನ ಮೇಲೆ ತಿರುಪನ್ನು ಕೈಯ ಅಂದಾಜಿನಿಂದ ಬಿಗಿಮಾಡಕೂಡದು. ಎಷ್ಟು ಬಿಗಿಯೆಂಬುದನ್ನು ಆಯಾ ಭಾಗದ ಮೇಲೆ 5 ನ್ಯೂಟನ್ ಮೀಟರ್ ಎಂಬಂತೆ ಅಚ್ಚು ಹಾಕಿರುತ್ತಾರೆ. ಅದನ್ನು ಅಳೆದು ಬಿಗಿಸುವ ಟಾರ್ಕ್ ರೆಂಚ್ ಎಂಬ ಸಾಧನವಿದೆ. ಬೀದಿಯ ಮೂಲೆಯ ಪಂಕ್ಚರ್ ಅಂಗಡಿಯ ಯಜಮಾನ ಉಕ್ಕಿನ ಸೈಕಲ್ಲಿಗೆ ಧನ್ವಂತರಿಯೇ ಸರಿ. ಆದರೆ ಅವನ ದೊಡ್ಡ ಸ್ಪ್ಯಾನರ್ ಕಾರ್ಬನ್ನಿನ ಸೀಟುಕಂಬವನ್ನು ಒಂದೇ ತಿರುವಿಗೆ ಸೀಳಬಲ್ಲದು. ಎರಡನೆಯ ಪಾಠ: ಫ್ರೇಮಿನ ಮೇಲಿನ ಕೊಳವೆಯ ಮೇಲೆ ಕೂರಬಾರದು, ಕಾರಿನ ಹಿಂದೆ ಕಟ್ಟುವಾಗ ಆ ಕೊಳವೆಯನ್ನು ಹಿಡಿಕೆಯಲ್ಲಿ ಅದುಮಬಾರದು. ಮೂರನೆಯದು: ಬೆವರೂ ಉಪ್ಪುಗಾಳಿಯೂ ಸೇರಿದಾಗ ಕಾರ್ಬನ್ನಿಗೆ ಅಂಟಿಕೊಂಡ ಅಲ್ಯುಮಿನಿಯಮ್ ಭಾಗ ತಿಂದುಹೋಗಿ ಅಲ್ಲಿಯೇ ಕಚ್ಚಿಕೊಳ್ಳುತ್ತದೆ. ಮಂಗಳೂರು, ಕಾರವಾರಗಳ ಕಡಲತೀರದವರು ಸೀಟುಕಂಬವನ್ನು ಆಗಾಗ ಬಿಚ್ಚಿ ಒರೆಸಿ, ಅದಕ್ಕೆಂದೇ ಇರುವ ಲೇಪನವನ್ನು ಹಚ್ಚಿ ಹಾಕಬೇಕು. ನಾಲ್ಕನೆಯದು: ಅಗ್ಗದ ಕಾರ್ಬನ್ ರಿಮ್ಮಿನ ಮೇಲೆ ರಬ್ಬರ್ ಬ್ರೇಕು ಉಜ್ಜುವ ಗಾಲಿಗಳನ್ನು ಬಯಸಬಾರದು. ಆಗುಂಬೆ, ಚಾರ್ಮಾಡಿಗಳಂಥ ಉದ್ದನೆಯ ಇಳಿಜಾರಿನಲ್ಲಿ ಬ್ರೇಕು ಹಿಡಿದೇ ಇದ್ದರೆ ಕಾವೇರಿ ಅಂಟು ಮೆತ್ತಗಾಗುವ ಅಪಾಯವಿದೆ.

ಜೋರಾಗಿ ಬಿದ್ದ ಮೇಲೆ ತಿಳಿದವರಿಗೆ ತೋರಿಸದೆ ಮತ್ತೆ ಏರಕೂಡದು. ಫ್ರೇಮಿನ ಬಿರುಕನ್ನು ನುರಿತವರು ಪದರ ಹಾಕಿ ಸರಿಪಡಿಸಬಲ್ಲರು; ಫೋರ್ಕಿನ ವಿಷಯದಲ್ಲಿ ಮಾತ್ರ ರಿಪೇರಿಯ ಯೋಚನೆಯೇ ಬೇಡ, ಹೊಸದೇ ಹಾಕಬೇಕು.

ಇನ್ನೊಬ್ಬರು ಏರಿಳಿದ ಸೈಕಲ್ಲು

ಹೊಸ ಕಾರ್ಬನ್ನಿಗೆ ಹಣ ಸಾಲದವರು ಬಳಸಿದ ಸೈಕಲ್ಲಿನ ಕಡೆಗೆ ನೋಡುವುದು ಸಹಜ. ಉತ್ಸಾಹದಿಂದ ಕೊಂಡು ಆಲಸ್ಯದಿಂದ ಮೂಲೆಗಿಟ್ಟವರ ಸಂಖ್ಯೆ ನಗರಗಳಲ್ಲಿ ಸಣ್ಣದಲ್ಲ. ಇಂಥವರಿಂದ ಒಳ್ಳೆಯ ವಸ್ತು ಕಡಮೆ ಬೆಲೆಗೆ ಸಿಗುವುದುಂಟು. ಆದರೆ ಹಗಲು ಬೆಳಕಿನಲ್ಲಿ, ತೊಳೆದ ಸೈಕಲ್ಲನ್ನು, ಅರ್ಧ ಗಂಟೆ ಬಿಡುವು ಮಾಡಿಕೊಂಡು ನೋಡಬೇಕು. ಸೀಟುಕಂಬವನ್ನು ಪೂರ್ತಿ ಹೊರಕ್ಕೆಳೆದು ನೋಡಬೇಕು. ಬಾರದಿದ್ದರೆ ಅಲ್ಲಿಗೇ ವ್ಯವಹಾರ ಸಾಕು. ಹ್ಯಾಂಡಲಿನ ಕೊಳವೆ ಸೇರುವ ಕಡೆ, ಪೆಡಲಿನ ದಂಡದ ಸುತ್ತ, ಸರಪಳಿಯ ಪಕ್ಕದ ಕೊಳವೆ, ಗಾಲಿ ಕೂರುವ ಕಚ್ಚು, ಫೋರ್ಕಿನ ಬುಡ: ಇಲ್ಲೆಲ್ಲ ಬೆರಳಾಡಿಸಿ ಕೂದಲೆಳೆಯ ಬಿರುಕನ್ನು ಹುಡುಕಬೇಕು. ನಾಣ್ಯದಿಂದ ಮೆಲ್ಲಗೆ ತಟ್ಟುತ್ತ ಹೋದಾಗ ಟಣಟಣವೆನ್ನುತ್ತಿದ್ದ ಸದ್ದು ಒಂದೆಡೆ ಇದ್ದಕ್ಕಿದ್ದಂತೆ ಮಂದವಾದರೆ ಸಂಶಯಪಡಬೇಕು. ಒಂದೇ ಕೊಳವೆಗೆ ಹೊಸ ಬಣ್ಣ ಬಳಿದಿದ್ದರೆ ಅದು ಶೃಂಗಾರವಲ್ಲ, ಗಾಯದ ಪಟ್ಟಿ ಇದ್ದೀತು.

ಮೂಲ ರಸೀದಿಯೂ ಫ್ರೇಮಿನ ಸಂಖ್ಯೆಯೂ ತಾಳೆಯಾಗಬೇಕು; ಕದ್ದ ಮಾಲು ಮನೆಗೆ ಬರಬಾರದಷ್ಟೆ! ಬಹುತೇಕ ಕಂಪೆನಿಗಳ ದೀರ್ಘಕಾಲದ ಗ್ಯಾರಂಟಿ ಮೊದಲನೆಯ ಒಡೆಯನಿಗೆ ಮಾತ್ರ ಎಂಬುದನ್ನು ನೆನೆದು ಬೆಲೆ ಕಟ್ಟಬೇಕು. ಇನ್ನು ಅಂತರ್ಜಾಲದಲ್ಲಿ ಸಿಗುವ ಹೆಸರಿಲ್ಲದ ಅಗ್ಗದ ಫ್ರೇಮುಗಳು, ಹೆಸರಾಂತ ಕಂಪೆನಿಯ ಚೀಟಿ ಅಂಟಿಸಿಕೊಂಡ ನಕಲಿ ಫ್ರೇಮುಗಳು: ಇವುಗಳಿಂದ ದೂರವಿರುವುದೇ ಮೇಲು. ತೈವಾನ್, ಚೀನಾಗಳಲ್ಲಿ ತಯಾರಾದುದೆಂಬ ಮಾತ್ರಕ್ಕೆ ಕೀಳೆಂದು ತಿಳಿಯಬೇಕಿಲ್ಲ. ಪ್ರಪಂಚದ ಒಳ್ಳೆಯ ಕಾರ್ಬನ್ ಫ್ರೇಮುಗಳಲ್ಲಿ ಬಹುಪಾಲು ಅಲ್ಲಿಯೇ ಹುಟ್ಟುತ್ತವೆ. ಪ್ರಶ್ನೆ ಊರಿನದಲ್ಲ, ಹೊಣೆಯದು. ಮುರಿದಾಗ ಉತ್ತರ ಹೇಳುವವರು ಯಾರೆಂದು ಗೊತ್ತಿಲ್ಲದ ವಸ್ತುವಿನ ಮೇಲೆ ಮಗಳನ್ನು ಕೂರಿಸಿ ಇಳಿಜಾರಿಗೆ ಕಳಿಸಲು ಯಾವ ತಾಯಿಯೂ ಒಪ್ಪಲಾರಳು.

ಚೀಲದ ಲೆಕ್ಕ

ಕಡೆಯ ಪ್ರಶ್ನೆ ಖರ್ಚಿನದು. ಒಂದೂವರೆ ಲಕ್ಷ ಕೂಡಿಸಿದವರು ಒಂದೂವರೆ ಲಕ್ಷದ ಸೈಕಲ್ಲನ್ನು ಕೊಂಡರೆ, ಆನೆಯನ್ನು ಕೊಂಡು ಅಂಕುಶಕ್ಕೆ ಸಾಲ ಕೇಳಿದಂತಾಗುತ್ತದೆ. ಇಂಥ ಸೈಕಲ್ಲುಗಳನ್ನು ಅನೇಕ ವೇಳೆ ಪೆಡಲಿಲ್ಲದೆಯೇ ಮಾರುತ್ತಾರೆಂಬುದು ಹೊಸಬರಿಗೆ ಆಶ್ಚರ್ಯದ ಸಂಗತಿ. ಪೆಡಲು, ಹೆಲ್ಮೆಟ್, ಮುಂದಿನ ಹಿಂದಿನ ದೀಪ, ಪಂಪು, ಎರಡು ಟ್ಯೂಬು, ಬೀಗ ಇವಕ್ಕೆಂದು 15,000 ರೂಪಾಯಿ ತೆಗೆದಿಡಬೇಕು. ಅಳತೆ ಹೊಂದಿಸಲು, ಸೀಟು ಬದಲಿಸಲು 5,000. ಮೊದಲ ವರ್ಷದಲ್ಲಿ ಸವೆಯುವ ಸರಪಳಿ, ಬ್ರೇಕಿನ ಪ್ಯಾಡು, ಟೈರು, ಸರ್ವೀಸುಗಳಿಗೆ 10,000. ಉಳಿದ 1,20,000 ರೂಪಾಯಿಯೇ ಸೈಕಲ್ಲಿನ ನಿಜವಾದ ಬೆಲೆಯ ಮಿತಿ. ಹೆಲ್ಮೆಟ್ಟಿನ ಹಣವನ್ನು ಫ್ರೇಮಿಗೆ ಸೇರಿಸುವ ಆಸೆ ಮಾತ್ರ ಯಾರಿಗೂ ಬಾರದಿರಲಿ.

ವಿದೇಶದಿಂದ ಪೂರ್ತಿಯಾಗಿ ಬರುವ ಸೈಕಲ್ಲುಗಳ ಆಮದು ಸುಂಕವನ್ನು 2023ರ ಆಯವ್ಯಯದಲ್ಲಿ ನೂರಕ್ಕೆ 30ರಿಂದ 35ಕ್ಕೆ ಏರಿಸಿದರು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಜಿಎಸ್‌ಟಿ ನೂರಕ್ಕೆ 12ರಿಂದ 5ಕ್ಕೆ ಇಳಿಯಿತು. ಪರದೇಶದ ಜಾಹೀರಾತಿನಲ್ಲಿ ಕಂಡ ಬೆಲೆಯನ್ನು ರೂಪಾಯಿಗೆ ಪರಿವರ್ತಿಸಿ ಹಿಗ್ಗುವವರು ಈ ಲೆಕ್ಕವನ್ನೂ ಹಾಕಬೇಕು. ವರ್ಷದ ಹೊಸ ಮಾದರಿ ಬಂದಾಗ ಹಿಂದಿನ ವರ್ಷದ್ದಕ್ಕೆ ಅಂಗಡಿಯವರು ರಿಯಾಯಿತಿ ಕೊಡುತ್ತಾರೆ. ಬಣ್ಣ ಬದಲಾದದ್ದರ ಹೊರತು ಅನೇಕ ವೇಳೆ ಬೇರೆ ವ್ಯತ್ಯಾಸವಿರುವುದಿಲ್ಲ. ಕಾಯುವ ತಾಳ್ಮೆಯುಳ್ಳವರಿಗೆ ಅದೇ ಸುಗ್ಗಿ. ಆದರೆ ಅಳತೆ ಒಪ್ಪದಿದ್ದರೆ ಅರ್ಧ ಬೆಲೆಗೂ ಬೇಡ.

ಹಾಗಾದರೆ ತೀರ್ಪೇನು? 1,20,000ದ ಮಿತಿಯಲ್ಲಿ, ಕಾರ್ಬನ್ ಫೋರ್ಕಿನ ಒಳ್ಳೆಯ ಅಲ್ಯುಮಿನಿಯಮ್ ಸೈಕಲ್ಲು ಮೊದಲನೆಯ ಆಯ್ಕೆ. ಇತಿಹಾಸ ತಿಳಿದ, ಪರೀಕ್ಷೆಗೆ ನಿಂತ, ಬಳಸಿದ ಕಾರ್ಬನ್ ಎರಡನೆಯದು. ಹಣ ಎರಡು ಲಕ್ಷದ ಸಮೀಪಕ್ಕೆ ಬಂದಾಗ, ಒಳ್ಳೆಯ ಬ್ರೇಕು, ಗೇರು, ಟೈರುಗಳನ್ನು ಬಿಟ್ಟುಕೊಡದೆ ಕಾರ್ಬನ್ ಫ್ರೇಮು ಸಿಗುವಂತಾಗುತ್ತದೆ. ಆಗ ಅದನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. ಪಂದ್ಯಗಳಲ್ಲಿ ಆಗಲೇ ಹೆಸರು ಮಾಡುತ್ತಿರುವ ಹುಡುಗ ಹುಡುಗಿಯರ ಮಾತು ಬೇರೆ. ಅಲ್ಲಿ ಅರ್ಧ ನಿಮಿಷಕ್ಕೆ ಬೆಲೆ ಕಟ್ಟಬೇಕಾದುದು ಅವರ ತರಬೇತುದಾರರು.

ಅಲ್ಯುಮಿನಿಯಮ್ ಸೈಕಲ್ಲನ್ನು ಕೊಂಡವಳು ಸೋತಂತಲ್ಲ. ಅದರ ಮೇಲೆ ಎರಡು ವರ್ಷ, ಹತ್ತು ಸಾವಿರ ಕಿಲೋಮೀಟರ್ ಓಡಿಸಿದವಳಿಗೆ ತನ್ನ ಮೈಗೆ ಯಾವ ಅಳತೆ ಒಗ್ಗುತ್ತದೆ, ಯಾವ ಗೇರು ಬೇಕು, ಪಂದ್ಯ ಬೇಕೋ ದೂರ ಸವಾರಿ ಬೇಕೋ ಎಂಬುದೆಲ್ಲ ತಿಳಿದಿರುತ್ತದೆ. ಆ ಮೇಲೆ ಕೊಳ್ಳುವ ಕಾರ್ಬನ್ ಸೈಕಲ್ಲು ನೆರೆಯವರನ್ನು ನೋಡಿ ಕೊಂಡದ್ದಾಗದೆ ತನ್ನನ್ನು ತಾನು ಅರಿತು ಕೊಂಡದ್ದಾಗುತ್ತದೆ. ಅಷ್ಟರಲ್ಲಿ ತಂದೆಗೂ ಇದ್ದಿಲಿನ ಮೇಲಿನ ಸಿಟ್ಟು ಆರಿರುತ್ತದೆ; ಹಳೆಯ ಸೈಕಲ್ಲು ತನಗಿರಲಿ ಎಂದು ಅವರೇ ಕೇಳಿದರೂ ಆಶ್ಚರ್ಯವಿಲ್ಲ.